ನಾಲ್ಕು ಸಿದ್ಧಾಂತಗಳನ್ನು ದಾಟಿ ಬಂದ ಒಂದು ಸೂತ್ರ

1808ರ ಜನವರಿಯಲ್ಲಿ ಪ್ಯಾರಿಸ್ಸಿನ ಇನ್‌ಸ್ಟಿಟ್ಯೂಟ್ ಒಂದು ಬಹುಮಾನ ಘೋಷಿಸಿತು. ಕೆಲವು ಹರಳುಗಳ ಒಳಹೊಕ್ಕ ಬೆಳಕು ಎರಡಾಗಿ ಕವಲೊಡೆಯುತ್ತದಲ್ಲ, ಅದಕ್ಕೊಂದು ಗಣಿತ ಸಿದ್ಧಾಂತ ಕೊಡಿ, ಪ್ರಯೋಗ ಮಾಡಿ ಸಾಬೀತುಪಡಿಸಿ ಎಂಬುದು ಸವಾಲು. ಗಡುವು ಎರಡು ವರ್ಷ. ಸಂಸ್ಥೆಯಲ್ಲಿ ಆಗ ಲಾಪ್ಲಾಸನಂಥ ಘಟಾನುಘಟಿಗಳಿದ್ದರು. ಬೆಳಕೆಂದರೆ ಅತಿಸೂಕ್ಷ್ಮ ಕಣಗಳ ಧಾರೆ ಎಂಬ ನ್ಯೂಟನ್ನನ ಮಾತೇ ಅವರಿಗೆ ಪ್ರಮಾಣ. ಉತ್ತರವೂ ಆ ದಿಕ್ಕಿನಿಂದಲೇ ಬರಲಿ ಎಂಬ ಆಸೆ ಅವರದು.

ಆಸೆಯೇನೋ ಈಡೇರಿತು. ಬಹುಮಾನ ಕಣವಾದವನ್ನು ನಂಬಿದವನಿಗೇ ಸಿಕ್ಕಿತು. ಆದರೆ ಅವನು ದಾರಿಯಲ್ಲಿ ಕಂಡುಕೊಂಡ ಸಂಗತಿ ಮುಂದಿನ ಹದಿಮೂರು ವರ್ಷಗಳಲ್ಲಿ ಕಣವಾದವನ್ನೇ ಬುಡಮೇಲು ಮಾಡಿತು. ಬೆಳಕಿನ ಧ್ರುವೀಕರಣ ಎಂದು ಇಂದು ಪಠ್ಯಪುಸ್ತಕಗಳಲ್ಲಿ ಓದುವ ವಿದ್ಯಮಾನದ ಚರಿತ್ರೆಯ ನಡುಬಿಂದು ಇದು. ಅದರ ಮೊದಲ ಎಳೆ ಮಾತ್ರ ಇನ್ನೂ ನೂರಮೂವತ್ತೊಂಬತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

ಐಸ್‌ಲ್ಯಾಂಡಿನ ಕಲ್ಲು

1669ರಲ್ಲಿ ಕೋಪನ್‌ಹೇಗನ್ನಿನ ಪ್ರಾಧ್ಯಾಪಕ ರಾಸ್ಮುಸ್ ಬಾರ್ಥೋಲಿನ್ ಒಂದು ಸಣ್ಣ ಪುಸ್ತಕ ಪ್ರಕಟಿಸಿದ. ಅದರ ವಸ್ತು ಐಸ್‌ಲ್ಯಾಂಡಿನ ಪೂರ್ವ ತೀರದಿಂದ ಬಂದ ಪಾರದರ್ಶಕ ಕ್ಯಾಲ್ಸೈಟ್ ಹರಳು, ಅಂದರೆ ಐಸ್‌ಲ್ಯಾಂಡ್ ಸ್ಪಾರ್. ಬರೆದ ಹಾಳೆಯ ಮೇಲೆ ಅದನ್ನಿಟ್ಟರೆ ಪ್ರತಿ ಅಕ್ಷರವೂ ಎರಡೆರಡಾಗಿ ಕಾಣುತ್ತದೆ. ಹರಳನ್ನು ತಿರುಗಿಸಿದರೆ ಒಂದು ಬಿಂಬ ಇದ್ದಲ್ಲೇ ಇರುತ್ತದೆ, ಇನ್ನೊಂದು ಅದರ ಸುತ್ತ ಸುತ್ತುತ್ತದೆ. ಗಾಜು, ನೀರುಗಳಲ್ಲಿ ಬೆಳಕು ಬಾಗುವುದಕ್ಕೆ ಇದ್ದ ನಿಯಮ ಮೊದಲ ಬಿಂಬಕ್ಕೆ ಒಪ್ಪಿತು, ಎರಡನೆಯದಕ್ಕೆ ಒಪ್ಪಲಿಲ್ಲ.

ಡಚ್ ವಿಜ್ಞಾನಿ ಕ್ರಿಸ್ತಿಯಾನ್ ಹೈಗೆನ್ಸ್ 1690ರ ತನ್ನ ಗ್ರಂಥದಲ್ಲಿ ಇದಕ್ಕೊಂದು ವಿವರಣೆ ಕೊಟ್ಟ. ಬೆಳಕು ಅಲೆ, ಈ ಹರಳಿನಲ್ಲಿ ಒಂದು ಅಲೆ ಗೋಳಾಕಾರದಲ್ಲಿ ಹರಡಿದರೆ ಇನ್ನೊಂದು ಮೊಟ್ಟೆಯಾಕಾರದಲ್ಲಿ ಹರಡುತ್ತದೆ ಎಂದ. ಎರಡೂ ಬಿಂಬಗಳ ಲೆಕ್ಕ ಕೂಡಿಬಂತು. ಆದರೆ ಮೊದಲ ಹರಳಿನಿಂದ ಬಂದ ಎರಡು ಕಿರಣಗಳನ್ನು ಅವನು ಎರಡನೆಯ ಹರಳಿಗೆ ಹಾಯಿಸಿದಾಗ ತೊಡಕು ಎದುರಾಯಿತು. ಎರಡೂ ಹರಳುಗಳನ್ನು ಒಂದೇ ಭಂಗಿಯಲ್ಲಿಟ್ಟರೆ ಕಿರಣಗಳು ಮತ್ತೆ ಕವಲೊಡೆಯಲಿಲ್ಲ. ಎರಡನೆಯದನ್ನು ತುಸು ತಿರುಗಿಸಿದರೆ ಎರಡು ನಾಲ್ಕಾದವು. ಒಂದು ಮಂಕಾಗುತ್ತ ಇನ್ನೊಂದು ಬೆಳಗತೊಡಗಿತು. ಇದಕ್ಕೆ ಮಾತ್ರ ತನಗೆ ತೃಪ್ತಿಕರವಾದ ಕಾರಣ ಸಿಕ್ಕಿಲ್ಲ ಎಂದು ಹೈಗೆನ್ಸ್ ಪುಸ್ತಕದಲ್ಲೇ ಬರೆದ.

ಅವನಿಗೆ ಕಾರಣ ಸಿಗದಿರುವುದು ಸಹಜವೇ. ಹೈಗೆನ್ಸನ ಬೆಳಕಿನ ಅಲೆ ಶಬ್ದದ ಅಲೆಯಂಥದು. ಸಾಗುವ ದಿಕ್ಕಿನಲ್ಲೇ ಹಿಂದಕ್ಕೂ ಮುಂದಕ್ಕೂ ಒತ್ತುವಂಥದು. ಅಂಥ ಅಲೆಗೆ ಎಡಬಲಗಳಿಲ್ಲ. ಹರಳನ್ನು ಯಾವ ಮಗ್ಗುಲಿಗೆ ತಿರುಗಿಸಿದರೂ ಅದಕ್ಕೆ ವ್ಯತ್ಯಾಸ ಗೊತ್ತಾಗಬಾರದು. ನ್ಯೂಟನ್ ಹಿಡಿದದ್ದು ಈ ದುರ್ಬಲ ಜಾಗವನ್ನೇ. ಬೆಳಕಿನ ಕಿರಣಕ್ಕೆ ಬದಿಗಳಿವೆ, ಹರಳು ಆ ಬದಿಗಳನ್ನು ಗುರುತಿಸುತ್ತದೆ, ಅಲೆಗೆ ಬದಿಗಳಿರಲು ಸಾಧ್ಯವಿಲ್ಲ, ಆದ್ದರಿಂದ ಬೆಳಕು ಅಲೆಯಲ್ಲ ಎಂದು ತನ್ನ ‘ಆಪ್ಟಿಕ್ಸ್’ ಗ್ರಂಥದ ಕೊನೆಯ ಪ್ರಶ್ನಾವಳಿಯಲ್ಲಿ ವಾದಿಸಿದ. ವಾದ ಎಷ್ಟು ಗಟ್ಟಿಯಾಗಿತ್ತೆಂದರೆ ಹದಿನೆಂಟನೆಯ ಶತಮಾನವಿಡೀ ಅದನ್ನು ಅಲುಗಾಡಿಸುವವರು ಹುಟ್ಟಲಿಲ್ಲ.

1802ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ ಈ ಹರಳನ್ನು ಹೊಸದಾಗಿ ಅಳೆದು ನೋಡಿದ. ಅಳತೆ ಹೈಗೆನ್ಸನ ಲೆಕ್ಕಕ್ಕೆ ತಾಳೆಯಾಯಿತು. ಅದೇ ಹೊತ್ತಿಗೆ ಥಾಮಸ್ ಯಂಗ್ ಎರಡು ಬೆಳಕುಗಳು ಕೂಡಿ ಕತ್ತಲೆಯ ಪಟ್ಟೆಗಳಾಗುವುದನ್ನು ಅಲೆಗಳ ವ್ಯತಿಕರಣದಿಂದ ವಿವರಿಸಿ, ಅದಕ್ಕಾಗಿ ಪತ್ರಿಕೆಯಲ್ಲಿ ಕಟುವಾದ ಲೇವಡಿಗೂ ಗುರಿಯಾಗಿದ್ದ. ಅಲೆಯ ಪಕ್ಷ ಮತ್ತೆ ತಲೆಯೆತ್ತುವ ಸೂಚನೆ ಕಂಡಿತ್ತು. ಪ್ಯಾರಿಸ್ಸಿನ ಸ್ಪರ್ಧೆಯ ಹಿನ್ನೆಲೆ ಇದು.

ಸೈನಿಕ ಎಂಜಿನಿಯರನ ಸಂಜೆ

ಎತಿಯೆನ್ ಲೂಯಿ ಮಾಲ್ಯೂಸ್ 1775ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಎಕೋಲ್ ಪಾಲಿಟೆಕ್ನಿಕ್‌ನ ಮೊದಲ ತಂಡದ ವಿದ್ಯಾರ್ಥಿ, ವೃತ್ತಿಯಿಂದ ಸೇನೆಯ ಎಂಜಿನಿಯರ್. 1798ರಲ್ಲಿ ನೆಪೋಲಿಯನ್ನನ ಜತೆ ಈಜಿಪ್ಟ್ ದಂಡಯಾತ್ರೆಗೆ ಹೋಗಿ, ಜಾಫಾದಲ್ಲಿ ಪ್ಲೇಗಿನ ಬಾಯಿಗೆ ಬಿದ್ದು ಬದುಕಿದವನು. 1801ರಲ್ಲಿ ಊರಿಗೆ ಮರಳುವ ಹೊತ್ತಿಗೆ ಮೈ ಜರ್ಜರಿತವಾಗಿತ್ತು. ಬಹುಮಾನ ಘೋಷಣೆಯಾದ ಮೇಲೆ ಐಸ್‌ಲ್ಯಾಂಡ್ ಸ್ಪಾರ್ ಸದಾ ಅವನ ಕೈಯಲ್ಲಿರುತ್ತಿತ್ತು.

1808ರ ಶರತ್ಕಾಲದ ಒಂದು ಸಂಜೆ. ಮನೆಯೆದುರು ಲಕ್ಸೆಂಬರ್ಗ್ ಅರಮನೆ. ಮುಳುಗುವ ಸೂರ್ಯ ಅದರ ಕಿಟಕಿ ಗಾಜಿನಲ್ಲಿ ಹೊಳೆಯುತ್ತಿದ್ದ. ಮಾಲ್ಯೂಸ್ ಆ ಹೊಳಪನ್ನು ಹರಳಿನ ಮೂಲಕ ನೋಡಿದ. ಎರಡು ಬಿಂಬಗಳು ಕಾಣುವುದು ನಿರೀಕ್ಷಿತವೇ. ಹರಳನ್ನು ತಿರುಗಿಸಿದಾಗ ಅವುಗಳ ಹೊಳಪು ಸರದಿಯಂತೆ ಏರಿಳಿಯತೊಡಗಿತು. ಒಂದು ಹಂತದಲ್ಲಿ ಒಂದು ಬಿಂಬ ಬಹುತೇಕ ಕಾಣದಾಯಿತು. ನೇರವಾಗಿ ಬಂದ ಸೂರ್ಯನ ಬೆಳಕಿನಲ್ಲಿ ಹೀಗಾಗುವುದಿಲ್ಲ. ಮೊದಲಿಗೆ ಅವನು ವಾತಾವರಣದ ಪ್ರಭಾವವಿರಬೇಕೆಂದುಕೊಂಡ. ಕತ್ತಲಾದ ಮೇಲೆ ನೀರಿನ ಮೇಲೆ, ಗಾಜಿನ ಮೇಲೆ ಮೋಂಬತ್ತಿಯ ಬೆಳಕನ್ನು ಬೀಳಿಸಿ ನೋಡಿದ. ನೀರಿನ ಮೈಯೊಂದಿಗೆ ಸುಮಾರು 37 ಡಿಗ್ರಿ ಕೋನದಲ್ಲಿ ಪ್ರತಿಫಲಿಸಿದ ಬೆಳಕಿಗೂ ಅದೇ ಗುಣ ಬಂದಿತ್ತು. ಡಿಸೆಂಬರಿನಲ್ಲಿ ಸಂಗತಿ ವಿದ್ವಾಂಸರ ಮುಂದೆ ಬಂತು.

ಈ ಕಿಟಕಿಯ ಕಥೆ ನಮಗೆ ದಕ್ಕಿರುವುದು ಮುಖ್ಯವಾಗಿ ಮಾಲ್ಯೂಸನ ಗೆಳೆಯ ಫ್ರಾನ್ಸ್ವಾ ಅರಾಗೊ ಎಷ್ಟೋ ವರ್ಷಗಳ ಮೇಲೆ ಬರೆದ ಜೀವನಚಿತ್ರದಿಂದ. ಹಾಗಾಗಿ ಅದರ ನಾಟಕೀಯ ವಿವರಗಳನ್ನು ಇತಿಹಾಸಕಾರರು ತುಸು ಎಚ್ಚರದಿಂದಲೇ ಬಳಸುತ್ತಾರೆ. ಫಲಿತಾಂಶದ ಬಗ್ಗೆ ಮಾತ್ರ ಯಾರ ತಕರಾರೂ ಇಲ್ಲ. ಐಸ್‌ಲ್ಯಾಂಡಿನ ಅಪರೂಪದ ಕಲ್ಲಿನ ವಿಚಿತ್ರ ಎಂದು ನೂರಾರು ವರ್ಷ ಎಣಿಸಿದ್ದ ಗುಣ, ಬರೀ ಗಾಜು ಮತ್ತು ನೀರಿನ ಮೇಲ್ಮೈಯಲ್ಲೂ ಹುಟ್ಟುತ್ತದೆ ಎಂಬುದು ಸ್ಪಷ್ಟವಾಯಿತು.

ಬಿಂಬ ಎಷ್ಟು ಮಂಕಾಗುತ್ತದೆ? ಮಾಲ್ಯೂಸ್ ಇದಕ್ಕೂ ಲೆಕ್ಕ ಕೊಟ್ಟ. ಒಮ್ಮೆ ಧ್ರುವೀಕೃತವಾದ, ಅಂದರೆ ಈ ಬದಿಗಳ ಗುಣ ಪಡೆದ, ಬೆಳಕು ಎರಡನೆಯ ಹರಳನ್ನು ದಾಟಿ ಬರುವಾಗ ಅದರ ತೀವ್ರತೆ, ಎರಡರ ಅಕ್ಷಗಳ ನಡುವಿನ ಕೋನದ ಕೊಸೈನಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ಅಕ್ಷಗಳು ಕೂಡಿದ್ದರೆ ಇಡೀ ಬೆಳಕು ದಾಟುತ್ತದೆ. 30 ಡಿಗ್ರಿ ತಿರುಗಿಸಿದರೆ ಶೇ. 75, 45ಕ್ಕೆ ಅರ್ಧ, 60ಕ್ಕೆ ಕಾಲುಭಾಗ, 90ಕ್ಕೆ ಸೊನ್ನೆ. ತಿರುಗಿಸಿದಷ್ಟೇ ಪ್ರಮಾಣದಲ್ಲಿ ಬೆಳಕು ಕುಗ್ಗುವುದಿಲ್ಲ ಎಂಬುದನ್ನು ಗಮನಿಸಬೇಕು. ಮೊದಲು ನಿಧಾನವಾಗಿ, ನಡುವೆ ವೇಗವಾಗಿ, ಕೊನೆಗೆ ಮತ್ತೆ ನಿಧಾನವಾಗಿ ಕುಗ್ಗುತ್ತದೆ. ಬೆಳಕಿನ ತೀವ್ರತೆಯನ್ನು ನಿಖರವಾಗಿ ಅಳೆಯುವ ಸಾಧನ ಮಾಲ್ಯೂಸನ ಬಳಿ ಇರಲಿಲ್ಲ. ಎರಡು ಬಿಂಬಗಳ ಬೆಳಕು ಕೂಡಿದರೆ ಮೊತ್ತ ಬದಲಾಗಬಾರದು, ತುದಿಗಳಲ್ಲಿ ಒಂದೊಂದೂ ಸೊನ್ನೆಯಾಗಬೇಕು ಎಂಬ ಷರತ್ತುಗಳಿಗೆ ಒಪ್ಪುವ ಸರಳ ಸೂತ್ರ ಅವನಿಗೆ ಹೊಳೆದಿತ್ತು. ಅಳತೆಯ ದೃಢೀಕರಣ ಬಂದದ್ದು ತಡವಾಗಿ, ಅರಾಗೊನ ಪ್ರಯೋಗಗಳಿಂದ. ಈ ಸೂತ್ರವೇ ಇಂದಿನ ಮಾಲ್ಯೂಸ್ ನಿಯಮ.

1810ರಲ್ಲಿ ಬಹುಮಾನ ಅವನದಾಯಿತು. 1811ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ರಮ್‌ಫರ್ಡ್ ಪದಕವನ್ನೂ ಕೊಟ್ಟಿತು. ಎರಡು ದೇಶಗಳೂ ಆಗ ಯುದ್ಧದಲ್ಲಿದ್ದವು. ಸೊಸೈಟಿಯ ವಿದೇಶಾಂಗ ಕಾರ್ಯದರ್ಶಿಯಾಗಿ ಮಾಲ್ಯೂಸನಿಗೆ ಪತ್ರ ಬರೆದವನು ಅಲೆಯ ಪಕ್ಷಪಾತಿ ಯಂಗ್. ನಿಮ್ಮ ಪ್ರಯೋಗಗಳಿಂದ ನನ್ನ ಸಿದ್ಧಾಂತ ಸಾಲದು ಎಂದು ತಿಳಿಯುತ್ತದೆ, ಸುಳ್ಳು ಎಂದು ತಿಳಿಯುವುದಿಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಮರುವರ್ಷ ಫೆಬ್ರುವರಿಯಲ್ಲಿ ಮಾಲ್ಯೂಸ್ ಕ್ಷಯದಿಂದ ತೀರಿಕೊಂಡ. ವಯಸ್ಸು ಮೂವತ್ತಾರು.

ಧೈರ್ಯ ಸಾಲದ ಗೆಳೆಯ

ಮಾಲ್ಯೂಸ್ ತೆರೆದ ಬಾಗಿಲಿನಿಂದ ಹಲವರು ಒಳಗೆ ಬಂದರು. 1811ರಲ್ಲಿ ಅರಾಗೊ ಧ್ರುವೀಕೃತ ಬೆಳಕನ್ನು ಅಭ್ರಕದ ತೆಳು ಹಾಳೆಯ ಮೂಲಕ ಹಾಯಿಸಿ ಬಣ್ಣಗಳ ಹಬ್ಬವನ್ನೇ ಕಂಡ. ಫ್ರೆಂಚ್ ವಿಜ್ಞಾನಿ ಬಿಯೊ 1815ರಲ್ಲಿ ಟರ್ಪೆಂಟೈನಿನಂಥ ದ್ರವಗಳು ಧ್ರುವೀಕರಣದ ತಲವನ್ನೇ ತಿರುಗಿಸುವುದನ್ನು ತೋರಿಸಿದ. ಸ್ಕಾಟ್ಲೆಂಡಿನ ಬ್ರೂಸ್ಟರ್ ಅದೇ ವರ್ಷ, ಪ್ರತಿಫಲಿತ ಬೆಳಕು ಪೂರ್ಣ ಧ್ರುವೀಕೃತವಾಗುವ ಕೋನಕ್ಕೂ ವಸ್ತುವಿನ ವಕ್ರೀಭವನಾಂಕಕ್ಕೂ ಇರುವ ಸರಳ ಸಂಬಂಧವನ್ನು ಪ್ರಕಟಿಸಿದ. ಬಿಯೊ, ಬ್ರೂಸ್ಟರ್ ಇಬ್ಬರೂ ಕಣದ ಪಕ್ಷದವರೇ.

ಅಲೆಯ ಪಕ್ಷಕ್ಕೆ ಬಲ ಬಂದದ್ದು ಅನಿರೀಕ್ಷಿತ ಮೂಲೆಯಿಂದ. ಅಗಸ್ಟಿನ್ ಫ್ರೆನೆಲ್ ರಸ್ತೆ ಸೇತುವೆ ಇಲಾಖೆಯ ಎಂಜಿನಿಯರ್. 1815ರಲ್ಲಿ ನೆಪೋಲಿಯನ್ ಎಲ್ಬಾ ದ್ವೀಪದಿಂದ ಮರಳಿದಾಗ ರಾಜನ ಪರ ನಿಂತು ಕೆಲಸ ಕಳೆದುಕೊಂಡ. ಆ ಬಿಡುವಿನಲ್ಲಿ ನಾರ್ಮಂಡಿಯ ಹಳ್ಳಿಮನೆಯಲ್ಲಿ ಕೂತು ಬೆಳಕಿನ ಪ್ರಯೋಗ ಶುರುಮಾಡಿದ. ಅವನಲ್ಲಿದ್ದ ಕಸುವನ್ನು ಗುರುತಿಸಿದವನು ಅರಾಗೊ. ಇಬ್ಬರೂ ಸೇರಿ 1816ರಿಂದ ನಡೆಸಿದ ಪ್ರಯೋಗಗಳಲ್ಲಿ ಒಂದು ಸಂಗತಿ ಎದ್ದು ಕಂಡಿತು. ಒಂದೇ ರೀತಿ ಧ್ರುವೀಕೃತವಾದ ಎರಡು ಕಿರಣಗಳು ಕೂಡಿದರೆ ಬೆಳಕು ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಪರಸ್ಪರ ಲಂಬವಾಗಿ ಧ್ರುವೀಕೃತವಾದ ಕಿರಣಗಳು ಕೂಡಿದರೆ ಪಟ್ಟೆಗಳೇ ಇಲ್ಲ.

ಉದ್ದಕ್ಕೆ ಒತ್ತುವ ಅಲೆಗಳಾಗಿದ್ದರೆ ಈ ಭೇದ ಇರಲೇಕೂಡದು. ಪರಿಹಾರದ ಸುಳಿವು ಯಂಗ್ 1817ರ ಜನವರಿಯಲ್ಲಿ ಅರಾಗೊನಿಗೆ ಬರೆದ ಪತ್ರದಲ್ಲಿತ್ತು. ಬೆಳಕಿನ ಅಲೆಯಲ್ಲಿ ಅಡ್ಡ ಕಂಪನದ ಅಂಶವೂ ಇರಬಹುದೇ ಎಂದು ಅವನು ಕೇಳಿದ್ದ. ಫ್ರೆನೆಲ್ ಇನ್ನೂ ಮುಂದೆ ಹೋದ. ಅಡ್ಡ ಕಂಪನವೂ ಇದೆ ಎಂದಲ್ಲ, ಇರುವುದು ಅಡ್ಡ ಕಂಪನ ಮಾತ್ರ ಎಂದ. ಒಂದು ತುದಿ ಕಟ್ಟಿದ ಹಗ್ಗವನ್ನು ಇನ್ನೊಂದು ತುದಿಯಲ್ಲಿ ಕುಲುಕಿದರೆ ಅಲೆ ಹಗ್ಗದುದ್ದಕ್ಕೆ ಓಡುತ್ತದೆ, ಹಗ್ಗ ಮಾತ್ರ ಮೇಲೆ ಕೆಳಗೋ ಎಡಕ್ಕೆ ಬಲಕ್ಕೋ ಆಡುತ್ತದೆ, ಬೆಳಕೂ ಹಾಗೆ. ನ್ಯೂಟನ್ ಕೇಳಿದ ಬದಿಗಳು ಅಲೆಗೂ ಸಿಕ್ಕವು.

ಅರಾಗೊ ಈ ಹಂತದಲ್ಲಿ ಹಿಂದೆ ಸರಿದ. ಇಂಥ ಅಭಿಪ್ರಾಯ ಪ್ರಕಟಿಸುವ ಧೈರ್ಯ ತನಗಾಗಲಿಲ್ಲ ಎಂದು ಮುಂದೆ ಅವನೇ ಒಪ್ಪಿಕೊಂಡ. 1821ರಲ್ಲಿ ಲೇಖನ ಫ್ರೆನೆಲ್ ಒಬ್ಬನ ಹೆಸರಿನಲ್ಲೇ ಹೊರಬಂತು. ಅಂಜಿಕೆಗೆ ಕಾರಣವೂ ಇತ್ತು. ಅಡ್ಡ ಅಲೆ ಸಾಗಲು ಬಿಗಿಯಾದ ಘನ ಮಾಧ್ಯಮ ಬೇಕು. ಜಗತ್ತನ್ನೆಲ್ಲ ತುಂಬಿದೆ ಎಂದು ನಂಬಿದ್ದ ಈಥರ್ ಅಷ್ಟು ಬಿಗಿಯಾಗಿದ್ದರೆ ಗ್ರಹಗಳು ತಡೆಯಿಲ್ಲದೆ ಹೇಗೆ ಸಾಗುತ್ತವೆ?

ಆದರೂ ಫ್ರೆನೆಲ್ಲನ ಚಿತ್ರದಲ್ಲಿ ಮಾಲ್ಯೂಸನ ಸೂತ್ರಕ್ಕೆ ಮೊದಲ ಬಾರಿ ಕಾರಣ ಸಿಕ್ಕಿತು. ಓರೆಯಾಗಿ ಆಡುವ ಕಂಪನದಲ್ಲಿ ಹರಳಿನ ಅಕ್ಷದ ದಿಕ್ಕಿನ ಪಾಲು ಮಾತ್ರ ದಾಟುತ್ತದೆ. ಆ ಪಾಲು ಕೋನದ ಕೊಸೈನ್‌ನಷ್ಟು. ಬೆಳಕಿನ ತೀವ್ರತೆ ಕಂಪನದ ವಿಸ್ತಾರದ ವರ್ಗ. ಕೊಸೈನಿನ ವರ್ಗ ತಾನಾಗಿ ಬಂತು. ಕಣವಾದಿಯ ಊಹೆಯಾಗಿದ್ದದ್ದು ತರಂಗವಾದದಲ್ಲಿ ಎರಡು ಸಾಲಿನ ಲೆಕ್ಕವಾಯಿತು.

ಈ ಘಟ್ಟವನ್ನು ಕಣ ಮತ್ತು ಅಲೆಗಳ ನೇರ ಕಾಳಗವೆಂದು ಹೇಳುವುದು ವಾಡಿಕೆ. ಜೆಡ್ ಬುಕ್‌ವಾಲ್ಡ್ ಎಂಬ ಇತಿಹಾಸಕಾರ 1989ರ ತನ್ನ ಗ್ರಂಥದಲ್ಲಿ ಇದನ್ನು ತಿದ್ದಿದ. ಮಾಲ್ಯೂಸ್, ಬಿಯೊ ಮೊದಲಾದವರ ಲೆಕ್ಕಗಳು ಕಣಗಳ ಮೇಲಲ್ಲ, ಒಂದೊಂದಾಗಿ ಎಣಿಸಬಹುದಾದ ಕಿರಣಗಳ ಮೇಲೆ ನಿಂತಿದ್ದವು. ಬದಲಾದದ್ದು ಕಿರಣವೇ ಬೆಳಕಿನ ಮೂಲ ಘಟಕ ಎಂಬ ಎಣಿಕೆ ಎಂಬುದು ಅವನ ವಾದ. ಸೂತ್ರ ಎರಡು ಪಕ್ಷಗಳಿಗೂ ಸಲ್ಲಲು ಸಾಧ್ಯವಾದದ್ದೇಕೆ ಎಂಬುದು ಈ ವಾದದಿಂದ ಹೆಚ್ಚು ಸ್ಪಷ್ಟವಾಗುತ್ತದೆ.

ಫ್ರೆನೆಲ್ಲನಿಗೂ ರಮ್‌ಫರ್ಡ್ ಪದಕ ಬಂತು, 1827ರಲ್ಲಿ, ಮರಣಶಯ್ಯೆಗೆ. ತಂದು ಮುಟ್ಟಿಸಿದವನು ಅರಾಗೊ. ಕೆಲವೇ ದಿನಗಳಲ್ಲಿ, ಜುಲೈ 14ರಂದು, ಮೂವತ್ತೊಂಬತ್ತರ ಫ್ರೆನೆಲ್ಲನನ್ನೂ ಕ್ಷಯ ಒಯ್ದಿತು.

ಹರಳಿನಿಂದ ಹಾಳೆಗೆ

ಈಥರಿನ ತೊಡಕು ಬಿಡಿಸಿಕೊಳ್ಳಲೂ ಧ್ರುವೀಕರಣವೇ ದಾರಿಯಾಯಿತು. 1845ರ ಸೆಪ್ಟೆಂಬರಿನಲ್ಲಿ ಮೈಕಲ್ ಫ್ಯಾರಡೆ ಸೀಸ ಬೆರೆತ ಭಾರವಾದ ಗಾಜಿನ ಮೂಲಕ ಧ್ರುವೀಕೃತ ಬೆಳಕು ಹಾಯಿಸಿ, ಪಕ್ಕದಲ್ಲಿ ಪ್ರಬಲ ಕಾಂತವನ್ನಿಟ್ಟ. ಧ್ರುವೀಕರಣದ ತಲ ತಿರುಗಿತು. ಬೆಳಕಿಗೂ ಕಾಂತತ್ವಕ್ಕೂ ನಂಟಿದೆ ಎಂಬುದಕ್ಕೆ ಅದು ಮೊದಲ ಪುರಾವೆ. ಇಪ್ಪತ್ತು ವರ್ಷಗಳ ಮೇಲೆ ಮ್ಯಾಕ್ಸ್‌ವೆಲ್ ಬೆಳಕನ್ನು ವಿದ್ಯುತ್ಕಾಂತೀಯ ಅಲೆ ಎಂದು ನಿರೂಪಿಸಿದ. ಆಡುವುದು ಈಥರಿನ ಕಣಗಳಲ್ಲ, ವಿದ್ಯುತ್ ಕ್ಷೇತ್ರ ಎಂದಾಯಿತು. ಸೂತ್ರ ಹಾಗೇ ಉಳಿಯಿತು.

ಅಷ್ಟರಲ್ಲಿ ಧ್ರುವೀಕೃತ ಬೆಳಕು ಕೆಲಸಕ್ಕೂ ಇಳಿದಿತ್ತು. ಸಕ್ಕರೆ ಕಾರ್ಖಾನೆಗಳಲ್ಲಿ ರಸದ ಸಕ್ಕರೆ ಅಂಶವನ್ನು ಅಳೆಯಲು ಬೆಳಕು ತಿರುಗಿದ ಕೋನ ಸಾಕು. 1848ರಲ್ಲಿ ಯುವಕ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಲವಣದ ಹರಳುಗಳನ್ನು ಎಡ ಬಲ ಎಂದು ಬೇರ್ಪಡಿಸಿ, ಒಂದು ಗುಂಪು ಬೆಳಕನ್ನು ಒಂದು ಕಡೆಗೂ ಇನ್ನೊಂದು ಮತ್ತೊಂದು ಕಡೆಗೂ ತಿರುಗಿಸುವುದನ್ನು ತೋರಿಸಿದ. ಅದನ್ನು ಮುದ್ದಾಂ ಪರೀಕ್ಷಿಸಿ ಒಪ್ಪಿದವನು ಮುದುಕ ಬಿಯೊ.

ಆದರೆ ಇದಕ್ಕೆಲ್ಲ ಬೇಕಾದ ಸಲಕರಣೆ ದುಬಾರಿ. 1828ರಲ್ಲಿ ಎಡಿನ್‌ಬರೋದ ವಿಲಿಯಂ ನಿಕೋಲ್ ಕ್ಯಾಲ್ಸೈಟನ್ನು ಓರೆಯಾಗಿ ಕೊಯ್ದು ಅಂಟಿಸಿ, ಒಂದೇ ಬಿಂಬ ಕೊಡುವ ಪ್ರಿಸಂ ಮಾಡಿದ್ದ. ಸ್ವಚ್ಛವಾದ ದೊಡ್ಡ ಹರಳು ಸಿಗುವುದೇ ಕಷ್ಟ. 1852ರಲ್ಲಿ ಬ್ರಿಸ್ಟಲ್ ವೈದ್ಯ ಹೆರಾಪಾತ್‌ನ ಶಿಷ್ಯನೊಬ್ಬ ಕ್ವಿನೈನ್ ತಿನ್ನಿಸಿದ್ದ ನಾಯಿಯ ಮೂತ್ರಕ್ಕೆ ಅಯೋಡಿನ್ ಹನಿಸಿದಾಗ ಸಣ್ಣ ಹಸಿರು ಹರಳುಗಳು ಹುಟ್ಟಿದವು. ಒಂದರ ಮೇಲೊಂದು ಅಡ್ಡ ಬಿದ್ದ ಕಡೆ ಅವು ಕಪ್ಪಾಗಿ ಕಂಡವು. ಅಂದರೆ ಹರಳೇ ಒಂದು ಬದಿಯ ಕಂಪನವನ್ನು ನುಂಗುತ್ತಿತ್ತು. ಇವನ್ನು ದೊಡ್ಡದಾಗಿ ಬೆಳೆಸುವುದು ಬಹಳ ಕಷ್ಟವಾಗಿತ್ತು.

ಎಡ್ವಿನ್ ಲ್ಯಾಂಡ್ ಎಂಬ ಅಮೆರಿಕನ್ ಹುಡುಗ ಪ್ರಶ್ನೆಯನ್ನೇ ತಿರುಗಿಸಿದ. ಹಾರ್ವರ್ಡ್ ಓದನ್ನು ನಡುವೆ ಬಿಟ್ಟು ನ್ಯೂಯಾರ್ಕಿನ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ಜಾಲಾಡಿದವನು ಅವನು. ಒಂದು ದೊಡ್ಡ ಹರಳು ಯಾಕೆ, ಲೆಕ್ಕವಿಲ್ಲದಷ್ಟು ಸೂಕ್ಷ್ಮ ಹರಳುಗಳನ್ನು ಒಂದೇ ದಿಕ್ಕಿಗೆ ಸಾಲುಗೂಡಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ಕೂರಿಸಿದರಾಯಿತು ಎಂದ. 1929ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1937ರಲ್ಲಿ ಪೋಲರಾಯ್ಡ್ ಕಂಪನಿ ಹುಟ್ಟಿತು. ಎದುರಿನಿಂದ ಬರುವ ಕಾರಿನ ದೀಪ ಕಣ್ಣು ಕುಕ್ಕದಂತೆ ಮಾಡುವುದು ಅವನ ಮೊದಲ ಕನಸು. ಕಾರು ತಯಾರಕರು ಒಪ್ಪಲಿಲ್ಲ. ಸಾಮಾನ್ಯ ಬೆಳಕು ಎಲ್ಲ ದಿಕ್ಕಿನಲ್ಲೂ ಆಡುವುದರಿಂದ ಎಂಥ ಉತ್ತಮ ಫಿಲ್ಟರ್ ಆದರೂ ಅರ್ಧಕ್ಕಿಂತ ಹೆಚ್ಚು ಬಿಡಲಾರದು. ದೀಪಗಳನ್ನು ಇನ್ನಷ್ಟು ಪ್ರಖರ ಮಾಡಬೇಕಾಗುತ್ತಿತ್ತು, ರಸ್ತೆಯ ಪ್ರತಿ ಕಾರಿಗೂ ಹಾಳೆ ಹಚ್ಚಬೇಕಾಗುತ್ತಿತ್ತು. ಹಾಳೆ ಗೆದ್ದದ್ದು ಕ್ಯಾಮೆರಾಗಳಲ್ಲಿ, ತಂಪು ಕನ್ನಡಕಗಳಲ್ಲಿ. ರಸ್ತೆ, ನೀರುಗಳ ಮೇಲಿನ ಪ್ರಖರ ಹೊಳಪು ಬಹುಪಾಲು ಅಡ್ಡಡ್ಡ ಧ್ರುವೀಕೃತ. ಕನ್ನಡಕ ಉದ್ದುದ್ದ ಕಂಪನವನ್ನಷ್ಟೇ ಬಿಡುತ್ತದೆ.

ಬೆಂಗಳೂರಿನ ನಂಟು

1921ರ ಸೆಪ್ಟೆಂಬರಿನಲ್ಲಿ ನರ್ಕುಂಡಾ ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದ ಸಿ.ವಿ. ರಾಮನ್ ಅವರ ಜತೆ ಒಂದು ನಿಕೋಲ್ ಪ್ರಿಸಂ ಇತ್ತು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಬ್ರಿಟಿಷ್ ವಿಜ್ಞಾನಿ ರ್‍ಯಾಲೆ ಹೇಳಿದ್ದ. ರಾಮನ್ ಬ್ರೂಸ್ಟರ್ ಕೋನದಲ್ಲಿ ನೋಡಿ ಪ್ರತಿಬಿಂಬವನ್ನು ಪ್ರಿಸಮ್ಮಿನಿಂದ ಅಳಿಸಿದರು. ನೀಲಿ ಅಳಿಯಲಿಲ್ಲ, ಇನ್ನೂ ಗಾಢವಾಯಿತು. ಅದು ನೀರೇ ಚದುರಿಸಿದ ಬೆಳಕು. ಈ ದಾರಿ ಅವರನ್ನು 1928ರ ರಾಮನ್ ಪರಿಣಾಮಕ್ಕೆ ಒಯ್ದಿತು. ಚದುರುವಾಗ ಬಣ್ಣ ಬದಲಿಸಿ ಬಂದ ಆ ಹೊಸ ಬೆಳಕು ಪ್ರಬಲವಾಗಿ ಧ್ರುವೀಕೃತವಾಗಿತ್ತು ಎಂಬುದೇ ಅದು ಸಾಮಾನ್ಯ ಪ್ರತಿದೀಪ್ತಿಯಲ್ಲ ಎನ್ನಲು ಮುಖ್ಯ ಸಾಕ್ಷಿ. ಆ ವರ್ಷದ ಮಾರ್ಚ್ 16ರಂದು ಅವರು ಅದನ್ನು ವಿವರವಾಗಿ ಮಂಡಿಸಿದ್ದು ಬೆಂಗಳೂರಿನಲ್ಲಿ.

ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ 1956ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಇಪ್ಪತ್ತೆರಡರ ಹರೆಯದಲ್ಲೇ ಧ್ರುವೀಕೃತ ಕಿರಣಗಳ ವ್ಯತಿಕರಣದ ಬಗ್ಗೆ ಒಂದು ಪ್ರಬಂಧ ಬರೆದರು. ಧ್ರುವೀಕರಣದ ಎಲ್ಲ ಸ್ಥಿತಿಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿಸಿದರೆ, ಮಾಲ್ಯೂಸನ ಕೊಸೈನ್ ವರ್ಗವೇ ಹೆಚ್ಚು ವ್ಯಾಪಕ ರೂಪದಲ್ಲಿ ಅಲ್ಲಿ ಕಾಣುತ್ತದೆ. ಗೋಳದ ಮೇಲೆ ಒಂದು ಸುತ್ತು ಹಾಕಿ ಬಂದ ಬೆಳಕು ಆ ಸುತ್ತು ಆವರಿಸಿದ ವಿಸ್ತೀರ್ಣಕ್ಕೆ ತಕ್ಕ ಹಂತಭೇದವನ್ನು, ಅಂದರೆ ಅಲೆಯ ಏರಿಳಿತ ಹಿಂದುಮುಂದಾದ ವ್ಯತ್ಯಾಸವನ್ನು, ಹೊತ್ತು ತರುತ್ತದೆ ಎಂದು ಅವರು ತೋರಿಸಿದರು. 1984ರಲ್ಲಿ ಬ್ರಿಸ್ಟಲ್‌ನ ಮೈಕಲ್ ಬೆರಿ ಕ್ವಾಂಟಂ ಜಗತ್ತಿನಲ್ಲಿ ಇಂಥದೇ ಹಂತವನ್ನು ಕಂಡರು. ವಿಜ್ಞಾನಿಗಳಾದ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಹಳೆಯ ಪ್ರಬಂಧವನ್ನು ನೆನಪಿಸಿದ ಮೇಲೆ ಬೆರಿ ಪಂಚರತ್ನಂ ಅವರ ಹಿರಿಮೆಯನ್ನು ಮುಕ್ತವಾಗಿ ಒಪ್ಪಿಕೊಂಡರು. ಅದನ್ನು ಕೇಳಲು ಪಂಚರತ್ನಂ ಇರಲಿಲ್ಲ, 1969ರಲ್ಲೇ ತೀರಿಹೋಗಿದ್ದರು. ಅವರ ಅಣ್ಣ ಎಸ್. ಚಂದ್ರಶೇಖರ್ ಮೈಸೂರಿನಲ್ಲೂ ಬೆಂಗಳೂರಿನಲ್ಲೂ ದ್ರವಹರಳುಗಳ ಸಂಶೋಧನೆಗೆ ಗಟ್ಟಿ ನೆಲೆ ಹಾಕಿದರು.

ದ್ರವಹರಳೇ ನಮ್ಮ ಎಲ್‌ಸಿಡಿ ಪರದೆಯ ಜೀವಾಳ. 1970ರ ಹೊತ್ತಿಗೆ ಬಂದ ವಿನ್ಯಾಸದಲ್ಲಿ ಎರಡು ಪೋಲರೈಸರ್ ಹಾಳೆಗಳು ಅಡ್ಡ ಉದ್ದ ನಿಂತಿರುತ್ತವೆ. ನಡುವಿನ ದ್ರವಹರಳು ಬೆಳಕಿನ ಕಂಪನವನ್ನು 90 ಡಿಗ್ರಿ ತಿರುಗಿಸಿ ದಾಟಿಸುತ್ತದೆ. ವಿದ್ಯುತ್ ಕೊಟ್ಟಾಗ ತಿರುಚು ಬಿಚ್ಚಿ ಬೆಳಕು ನಿಲ್ಲುತ್ತದೆ. ಹೊಳಪಿನ ಉಳಿದ ಮಟ್ಟಗಳೆಲ್ಲ ಆ ಎರಡು ತುದಿಗಳ ನಡುವೆ.

ಕೊನೆಯ ಸಿದ್ಧಾಂತ ಕ್ವಾಂಟಂ. ಬೆಳಕು ಮತ್ತೆ ಫೋಟಾನ್ ಎಂಬ ಕಣವಾಯಿತು. ಅರ್ಧ ಫೋಟಾನ್ ಎಂಬುದಿಲ್ಲ. ಹಾಗಿದ್ದರೆ 45 ಡಿಗ್ರಿ ಓರೆಯಾಗಿ ಬಂದ ಒಂದೇ ಫೋಟಾನ್ ಏನಾಗುತ್ತದೆ? 1930ರ ತನ್ನ ಪ್ರಸಿದ್ಧ ಗ್ರಂಥದ ಮೊದಲ ಅಧ್ಯಾಯದಲ್ಲೇ ಭೌತವಿಜ್ಞಾನಿ ಡಿರಾಕ್ ಧ್ರುವೀಕರಣದ ಈ ಪ್ರಶ್ನೆಯನ್ನು ಎತ್ತಿಕೊಂಡ. ಅದು ದಾಟುವ ಸಂಭಾವ್ಯತೆ ಕೊಸೈನಿನ ವರ್ಗ, ದಾಟಿದ ಮೇಲೆ ಅದರ ಸ್ಥಿತಿ ಫಿಲ್ಟರಿನ ದಿಕ್ಕಿನದು. ಅಡ್ಡ ಉದ್ದ ಇಟ್ಟ ಎರಡು ಹಾಳೆಗಳ ನಡುವಿನ ಕತ್ತಲೆಗೆ 45 ಡಿಗ್ರಿಯಲ್ಲಿ ಮೂರನೆಯ ಹಾಳೆ ತೂರಿಸಿದರೆ, ತಡೆ ಹೆಚ್ಚಿದರೂ ಬೆಳಕು ಮರಳಿ ಬರುತ್ತದೆ, ಮೂಲದ ಎಂಟನೇ ಒಂದು ಭಾಗದಷ್ಟು. ಫಿಲ್ಟರ್ ಜಾಲರಿಯಂತೆ ಬರೀ ಸೋಸುವುದಿಲ್ಲ, ದಾಟಿದ್ದನ್ನು ಹೊಸದಾಗಿ ರೂಪಿಸುತ್ತದೆ.

ಮಾಲ್ಯೂಸ್ ನಂಬಿದ್ದ ಕಣವಾದ ಬಿತ್ತು. ಫ್ರೆನೆಲ್ಲನ ಈಥರ್ ಬಿತ್ತು. ಮ್ಯಾಕ್ಸ್‌ವೆಲ್ಲನ ಅಲೆಯ ಪಕ್ಕದಲ್ಲಿ ಫೋಟಾನ್ ಬಂದು ನಿಂತಿತು. ಬೆಳಕು ಏನು ಎಂಬುದಕ್ಕೆ ಉತ್ತರ ಮೂರು ಬಾರಿ ಬದಲಾಯಿತು. ಅದು ಎಷ್ಟು ದಾಟುತ್ತದೆ ಎಂಬುದಕ್ಕೆ ಮಾಲ್ಯೂಸ್ ಕೊಟ್ಟ ಉತ್ತರ ಒಮ್ಮೆಯೂ ಬದಲಾಗಲಿಲ್ಲ. ವಿಜ್ಞಾನದಲ್ಲಿ ಬಹಳ ಕಾಲ ಬಾಳುವುದು ಕಾರಣದ ಬಗೆಗಿನ ನಂಬಿಕೆಯಲ್ಲ, ಅಳತೆಗೆ ತಾಳೆಯಾದ ಪ್ರಮಾಣ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಹೆಚ್ಚಿಲ್ಲ.